ಕರಡಿಗೆಯ ಕೆಳಗಿನ ಗಂಟು

ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ, ಹೆಂಗಸರ ಸಾಲಿನ ನಡುವೆ, ಶಲ್ಯವನ್ನು ಎದೆಗೆ ಬಿಗಿಯಾಗಿ ಹೊದ್ದು ತಲೆ ತಗ್ಗಿಸಿ ಕುಳಿತ ಗಂಡಸೊಬ್ಬ ಇಂದೂ ಇರಬಹುದು. ಅವನಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವನಿಗೆ ಧೈರ್ಯ ಹೇಳುವಷ್ಟು ಸಾಮಗ್ರಿ ನನ್ನಲ್ಲಿಲ್ಲ. ನಾನು ಗುಣವಾಗಿ ಬಂದವನಲ್ಲ, ಇನ್ನು ಗುಣವಾಗುವವನೂ ಅಲ್ಲ. ಆ ಬೆಂಚಿನ ಮೇಲೆ ಅವನಿಗಿಂತ ಮೊದಲು ಒಬ್ಬ ಕುಳಿತಿದ್ದ ಎಂಬುದಷ್ಟೇ ನಾನು ಕೊಡಬಹುದಾದ ಸಮಾಧಾನ.

ನಮ್ಮದು ಯರಗುಪ್ಪಿಯ ಸುತ್ತಿನ ಒಂದು ಸಣ್ಣ ಊರು. ನಾನು ಆ ಊರಿನ ಜಂಗಮ. ಹನ್ನೆರಡನೆಯ ವಯಸ್ಸಿಗೆ ಮಠದ ಸಂಸ್ಕೃತ ಪಾಠಶಾಲೆ ಸೇರಿ, ಒಂಬತ್ತು ವರ್ಷ ವ್ಯಾಕರಣವನ್ನೂ ಆಗಮಗಳನ್ನೂ ಓದಿ ಬಂದವನು. ಆಮೇಲಿನ ಐವತ್ತು ವರ್ಷ ಊರವರ ದೀಕ್ಷೆ, ಲಗ್ನ, ಮಣ್ಣು ಎಲ್ಲವೂ ನನ್ನ ಕೈಯಿಂದಲೇ ನಡೆದವು. ಈಗ ವಯಸ್ಸು ಎಪ್ಪತ್ತೆರಡು. ಮಗ ಮಹಾಂತೇಶ ಸಂಶಿಯ ಶಾಲೆಯಲ್ಲಿ ಮಾಸ್ತರ. ಅವನೂ ಸೊಸೆ ಸವಿತಾಳೂ ನಮ್ಮೊಡನೆಯೇ ಇದ್ದಾರೆ. ನನ್ನ ಮನೆಯವಳು ಗೌರಮ್ಮ.

ಎಂಟನೆಯ ವಯಸ್ಸಿನಲ್ಲಿ ಗುರುಗಳು ಎಡ ಅಂಗೈಯಲ್ಲಿ ಇಟ್ಟುಕೊಟ್ಟ ಇಷ್ಟಲಿಂಗವನ್ನು ಮೊನ್ನೆಮೊನ್ನೆಯವರೆಗೂ ನಾನು ಒಂದು ದಿನವೂ ಮೈಯಿಂದ ಅಗಲಿಸಿದವನಲ್ಲ. ಅದು ಬೆಳ್ಳಿಯ ಕರಡಿಗೆಯೊಳಗೆ, ಶಿವದಾರದಿಂದ ಇಳಿಬಿದ್ದು, ಎಡ ಮೊಲೆಯ ಕೆಳಗೆ ಸರಿಯಾಗಿ ಬಂದು ಕೂರುತ್ತಿತ್ತು. ಅರವತ್ತು ವರ್ಷ ಬೆಳ್ಳಿ ತಿಕ್ಕಿ ತಿಕ್ಕಿ ಆ ಜಾಗದ ಚರ್ಮ ನೊಗ ಹೊತ್ತ ಎತ್ತಿನ ಹೆಗಲಿನಂತೆ ಕಪ್ಪಾಗಿ ದಡ್ಡುಗಟ್ಟಿತ್ತು. ಪೂಜೆಗೆ ಕುಳಿತಾಗ ಬರಿ ಎದೆಯ ಮೇಲೆ ಆ ಗುರುತನ್ನು ಕಂಡು ಭಕ್ತರು ಕೈಮುಗಿದದ್ದುಂಟು. ನಾನು ಬೇಡವೆಂದು ಹೇಳಲಿಲ್ಲ. ಮೈಯ ಅಭಿಮಾನ ಬಿಡಬೇಕೆಂದು ಜನರಿಗೆ ಬೋಧಿಸುತ್ತಿದ್ದವನಿಗೆ ತನ್ನ ಮೈಮೇಲಿನ ಆ ದಡ್ಡಿನ ಬಗ್ಗೆ ಅಭಿಮಾನವಿತ್ತು.

ಆದ್ದರಿಂದಲೇ ಅದರ ಕೆಳಗೆ ಗಂಟೊಂದು ಬೆಳೆದಾಗ ಅದನ್ನೂ ನಿಷ್ಠೆಯ ಫಲವೆಂದೇ ತಿಳಿದೆ. ಮೊದಲು ಅಲಸಂದಿ ಕಾಳಿನಷ್ಟಿತ್ತು, ಬಳಿಕ ಅಡಿಕೆಯಷ್ಟಾಯಿತು. ನೋವಿರಲಿಲ್ಲ. ಒಂದೂವರೆ ವರ್ಷ ನಾನು ಅದರ ಮೇಲೆಯೇ ಕರಡಿಗೆ ಇಟ್ಟು, ಅದರ ಸುತ್ತ ವಿಭೂತಿ ಧರಿಸಿದೆ.

ಗುಟ್ಟು ಹೊರಬಿದ್ದದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಸವಿತಾ ನನ್ನ ಬನಿಯನನ್ನು ಹಿಡಿದು ನಿಂತು ಅತ್ತೆಯನ್ನು ಕರೆದಳು.

"ಅತ್ತೀ, ಇಲ್ಲಿ ನೋಡ್ರಿ. ಮಾವಾರ ಬನೇನಿಗೆ ಮೂರನೇ ಸಲ ರಕ್ತ."

"ಕರಡಿಗಿ ತಿಕ್ಕಿರಬೇಕು ಬಿಡು," ಎಂದೆ ನಾನು ಒಳಗಿನಿಂದಲೇ.

"ಅರವತ್ತು ವರ್ಸ ತಿಕ್ಕಿದ್ದು ಈಗ ರಕ್ತ ಬರ್ತೈತೇನ್ರಿ?" ಎಂದಳು ಗೌರಮ್ಮ. ಬನಿಯನನ್ನು ಬಿಸಿಲಿಗೆ ಹಿಡಿದು ನೋಡಿದಳು. "ಮಾಂತೇಶಗ ಹೇಳತೀನಿ ನಾ."

ಮಗ ಹುಬ್ಬಳ್ಳಿಗೆ ಕರೆದೊಯ್ದ. ಸೂಜಿಯಿಂದ ತುಣುಕು ತೆಗೆದರು, ವಾರ ಬಿಟ್ಟು ಬರಲು ಹೇಳಿದರು. ಆ ವಾರ ಮಗನಿಗೆ ಶಾಲೆಯ ಪರೀಕ್ಷೆಗಳಿದ್ದುದರಿಂದ ನಾನೂ ಗೌರಮ್ಮನೂ ಬಸ್ಸು ಹತ್ತಿದೆವು. ಹಿಂದಿನ ಸೀಟಿನಲ್ಲಿ ನಮ್ಮ ಓಣಿಯ ಬಸವ್ವ ಕುಳಿತಿದ್ದಳು. ಮಾತು ಬಲ್ಲ ಹೆಂಗಸು, ಊರಿನ ಸುದ್ದಿಗೆಲ್ಲ ಅವಳೇ ಬಾಗಿಲು.

"ಅಜ್ಜಾರು ಅಮ್ಮಾರು ಜೋಡೀಲೇ ಎಲ್ಲಿಗೆ ಹೊಂಟೀರಿ?"

"ದವಾಖಾನಿಗೆ ಬೇ," ಎಂದಳು ಗೌರಮ್ಮ.

"ಯವ್ವಾ! ಯಾರಿಗೆ ಆರಾಮಿಲ್ರಿ?"

ಗೌರಮ್ಮ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಇಕಿಗೆ. ಎದ್ಯಾಗ ಗಂಟಾಗೇತಿ."

ಏಕೆ ಹೇಳಿದೆನೋ ತಿಳಿಯದು. ರೋಗದ ಹೆಸರನ್ನು ವೈದ್ಯರು ಇನ್ನೂ ಉಚ್ಚರಿಸಿರಲಿಲ್ಲ. ಆದರೆ ತುಣುಕು ತೆಗೆದ ದಿನ ಆ ಕೋಣೆಯ ಮುಂದೆ ನನ್ನ ಹೊರತು ಮತ್ತೊಬ್ಬ ಗಂಡಸು ಇರಲಿಲ್ಲ ಎಂಬುದನ್ನು ನಾನು ಗಮನಿಸಿದ್ದೆ. ಗೌರಮ್ಮ ನನ್ನ ಮುಖ ನೋಡಿದಳು. ಆಮೇಲೆ ಸೆರಗನ್ನು ಎದೆಯ ಮೇಲೆ ಎಳೆದುಕೊಂಡು ಕಿಟಕಿಯ ಕಡೆಗೆ ತಿರುಗಿದಳು. ನಾನಾಡಿದ ಸುಳ್ಳಿಗೆ ಅವಳು ಕೊಟ್ಟ ಒಪ್ಪಿಗೆ ಅದು.

ಆಸ್ಪತ್ರೆಯಲ್ಲಿ ಎರಡು ತಾಸು ಕಾದೆವು. ಪಕ್ಕದಲ್ಲಿದ್ದ ಕಲಘಟಗಿ ಕಡೆಯ ಹೆಂಗಸು ತಲೆಗೆ ಹಸಿರು ಸ್ಕಾರ್ಫು ಕಟ್ಟಿಕೊಂಡಿದ್ದಳು. ಒಳಗೆ ಕೂದಲಿಲ್ಲವೆಂದು ತಿಳಿಯುತ್ತಿತ್ತು. ಅವಳು ಗೌರಮ್ಮನ ಕೈ ಹಿಡಿದು ಕೇಳಿದಳು:

"ಯಾವ ಬಾಜು ಯಕ್ಕಾ, ನಿಂದು?"

ಅಲ್ಲಿ ನಮ್ಮ ಊರವರು ಯಾರೂ ಇರಲಿಲ್ಲ. ಗೌರಮ್ಮ ಮೆಲ್ಲಗೆ ಹೇಳಿದಳು: "ನಂದಲ್ಲವಾ. ಇವರದು. ಎಡಕ."

ಆ ಹೆಂಗಸು ನನ್ನನ್ನು ನೋಡಿದಳು. ನಗುತ್ತಾಳೆಂದು ಕಾದೆ. ಅವಳು ತನ್ನ ಚೀಲದಿಂದ ಎರಡು ಪೇರಲ ಹಣ್ಣು ತೆಗೆದು ನನ್ನ ಮಡಿಲಲ್ಲಿ ಹಾಕಿ, "ತಿನ್ರೀ ಅಜ್ಜಾರ, ಕೂಗೂದು ಇನ್ನೂ ತಡಾ ಐತಿ," ಎಂದು ಗೋಡೆಗೊರಗಿದಳು. ಅಷ್ಟೇ. ಅವಳ ಹೆಸರನ್ನು ನಾನು ಕೇಳಲೂ ಇಲ್ಲ.

ವೈದ್ಯೆ ಚಿಕ್ಕ ವಯಸ್ಸಿನವರು. "ಗಂಡಸರಿಗೂ ಬರ್ತದ ಅಜ್ಜಾ, ಭಾಳ ಕಡಿಮಿ. ಆದ್ರ ಬರ್ತದ. ಸ್ವಲ್ಪ ಮೊದಲ ಬಂದಿದ್ರ ಚೊಲೋ ಇತ್ತು," ಎಂದರು. ಅವರ ಮುಂದಿನ ಮಾತುಗಳು ನನಗೆ ನೆನಪಿಲ್ಲ. ಎದೆಯನ್ನು ತೆಗೆಯಬೇಕು ಎಂಬುದೊಂದು ನೆನಪಿದೆ, ಮತ್ತು ಅವರು ಬರೆಯುತ್ತಿದ್ದ ಕಾಗದದಲ್ಲಿ ಮೊದಲೇ ಅಚ್ಚಾಗಿದ್ದ 'ಶ್ರೀಮತಿ' ಎಂಬುದನ್ನು ಪೆನ್ನಿನಿಂದ ಹೊಡೆದುಹಾಕಿದ್ದು ನೆನಪಿದೆ.

ಆ ಸಂಜೆ ಮಗನಿಗೆ ಎಲ್ಲವನ್ನೂ ಹೇಳಿದೆವು, ಬಸ್ಸಿನ ಮಾತನ್ನೂ. ಅವನು ರೋಗಕ್ಕೆ ಅಳಲಿಲ್ಲ, ಸುಳ್ಳಿಗೆ ಸಿಟ್ಟಾದ.

"ಅವ್ವನ್ನ ಯಾಕ ನಡುವ ತಂದ್ರಿ ಅಪ್ಪಾ?"

"ಜಂಗಮನ ಎದಿಗೆ ಹೆಂಗಸರ ಬ್ಯಾನಿ ಬಂತು ಅಂದ್ರ ಮಂದಿ ಏನಂತಾರ?"

"ಏನಂತಾರ? ಆರಾಮ ಆಗಲಿ ಅಂತಾರ!"

"ಬಿಡಪಾ," ಎಂದಳು ಗೌರಮ್ಮ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ಮಂದಿ ಬಾಯಾಗ ನನ್ನ ಹೆಸರಿದ್ರ ನನ್ನ ಮೈಯೇನ ಸವೆಯಂಗಿಲ್ಲ. ಅವರು ಮೊದಲ ಆಪ್ರೇಶನ್ ಮಾಡಿಸ್ಕೊಂಡು ಬರಲಿ."

ಆಪರೇಷನ್ನಿನ ದಿನ ನರ್ಸು ಕರಡಿಗೆಯನ್ನು ತೆಗೆಯಲು ಹೇಳಿ, ಬಟ್ಟೆಯೊಡನೆ ಇಡಲು ಒಂದು ಪ್ಲಾಸ್ಟಿಕ್ ಚೀಲ ಕೊಟ್ಟಳು. ಆ ಚೀಲವನ್ನು ಮಂಚದ ಕಾಲಿನ ಬಳಿ ತೂಗುಹಾಕುತ್ತಿದ್ದರು. ಲಿಂಗ ಮೈಯಿಂದ ಅಗಲಬಾರದು. ಅಗಲಿದರೂ ನಾಭಿಯಿಂದ ಕೆಳಗೆ ಇಳಿಯಬಾರದು. ಅದು ನಮ್ಮ ನಡತೆ. ನಾನು ಗೌರಮ್ಮನ ಕಡೆ ನೋಡಿದೆ. ಅವಳು ಎರಡೂ ಕೈಯಲ್ಲಿ ಸೆರಗು ಚಾಚಿದಳು. ತನ್ನ ಕರಡಿಗೆಯ ಪಕ್ಕದಲ್ಲಿ ನನ್ನದನ್ನೂ ಎದೆಗೆ ಕಟ್ಟಿಕೊಂಡು, ಐದು ತಾಸು ಆಪರೇಷನ್ ಕೋಣೆಯ ಹೊರಗಿನ ಕುರ್ಚಿಯಲ್ಲಿ ನೆಟ್ಟಗೆ ಕುಳಿತಳಂತೆ. ನೀರು ಕುಡಿಯಲಿಲ್ಲ, ಎದ್ದು ಹೋಗಬೇಕಾದೀತೆಂದು. ಸವಿತಾ ಹೇಳಿದ್ದರಿಂದ ನನಗೆ ಇದು ಗೊತ್ತು. ಗೌರಮ್ಮ ತಾನಾಗಿ ಒಂದು ದಿನವೂ ಹೇಳಲಿಲ್ಲ.

ಎಚ್ಚರವಾದಾಗ ಎಡ ಎದೆಯ ಜಾಗದಲ್ಲಿ ಬಟ್ಟೆಯ ದಿಮ್ಮಿಯಿತ್ತು. ಹೊಲಿಗೆ ಬಿಚ್ಚಿದ ದಿನ ಕನ್ನಡಿಯಲ್ಲಿ ನೋಡಿಕೊಂಡೆ. ಕಂಕುಳಿನಿಂದ ಎದೆಯ ನಡುವಿನವರೆಗೆ ಒಂದು ಗೆರೆ. ಅದರ ಕೆಳಗೆ ಪಕ್ಕೆಲುಬುಗಳ ಮೇಲೆ ಸೀದಾ ಚರ್ಮ. ದಡ್ಡು ಇಲ್ಲ, ಗುರುತಿಲ್ಲ, ಮೊಲೆಯಿಲ್ಲ. ಒಂದು ಬದಿ ಮುದುಕನ ಎದೆ, ಇನ್ನೊಂದು ಬದಿ ಯಾರದೂ ಅಲ್ಲದ ಬಯಲು. ಅಂದಿನಿಂದ ಯಾರ ಮುಂದೆಯೂ ಶಲ್ಯ ತೆಗೆಯಲಿಲ್ಲ. ಬಚ್ಚಲಿನ ಅಗಳಿ ಹಾಕಿಕೊಂಡು ಒಂದೇ ಕೈಯಿಂದ ಸ್ನಾನ ಮಾಡಿದೆ. ಗಾಯ ತೊಳೆಯುವುದನ್ನು ನರ್ಸಿನಿಂದ ಕಲಿತುಕೊಂಡೆ, ಗೌರಮ್ಮನಿಗೆ ಬಿಡಲಿಲ್ಲ. ಐವತ್ತು ವರ್ಷದ ಸಂಸಾರದಲ್ಲಿ ಅವಳೆದುರು ನಾನು ಬಾಗಿಲು ಹಾಕಿಕೊಂಡದ್ದು ಅದೇ ಮೊದಲು.

ಊರಿಗೆ ಬಂದ ಮೇಲೆ ಹೆಂಗಸರು ಗೌರಮ್ಮನನ್ನು ನೋಡಲು ಬಂದರು. ಬಸವ್ವ ಮೋಸಂಬಿ ತಂದಿದ್ದಳು. ಒಳಕೋಣೆಯಲ್ಲಿ ಮಲಗಿದ್ದ ನನಗೆ ಪಡಸಾಲೆಯ ಮಾತುಗಳೆಲ್ಲ ಕೇಳಿಸುತ್ತಿದ್ದವು.

"ಅಮ್ಮಾರ, ಪೂರಾ ತೆಗದಾರೇನ್ರಿ?"

"ಹೂಂ ಬೇ," ಎಂದಳು ಗೌರಮ್ಮ.

"ಅಜ್ಜಾರು ಭಾಳ ಮನಸಿಗೆ ಹಚ್ಕೊಂಡಾರ. ಅರ್ಧ ಆಗ್ಯಾರ ನೋಡ್ರಿ."

"ಹಚ್ಕೊಂಡಾರ."

ಎದ್ದು ಹೋಗಿ ನಿಜ ಹೇಳಬಹುದಿತ್ತು. ಹನ್ನೆರಡು ಹೆಜ್ಜೆಯ ದಾರಿ. ಸತ್ಯವನ್ನು ಕುರಿತು ಎಷ್ಟು ಶ್ರಾವಣಗಳಲ್ಲಿ ಪ್ರವಚನ ಮಾಡಿದ್ದೆ! ಏಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಆಮೇಲೆ ಕರೆಂಟ್ ಕೊಡುವ ದಿನಗಳು. ಯಂತ್ರದ ಕೆಳಗೆ ಮಲಗಿಸಿ ಎದೆಗೆ ಕಿರಣ ಬಿಡುವುದಕ್ಕೆ ಆಸ್ಪತ್ರೆಯ ಮಂದಿಯೆಲ್ಲ 'ಕರೆಂಟ್' ಎಂದೇ ಹೇಳುತ್ತಾರೆ. ಐದು ವಾರ, ಹುಬ್ಬಳ್ಳಿಗೆ ಲಗ್ನ ಮಾಡಿಕೊಟ್ಟ ಮಗಳ ಮನೆಯಲ್ಲಿ ಉಳಿದೆವು. ಚರ್ಮ ಸುಟ್ಟ ಬದನೆಕಾಯಿಯಂತಾಯಿತು. ಅದರ ಮೇಲೆ ಬೆಳ್ಳಿ ತಾಗುವಂತಿರಲಿಲ್ಲ. ಲಿಂಗವನ್ನು ತೋಳಿನಲ್ಲಿಯೂ ಧರಿಸಬಹುದೆಂದು ಶಾಸ್ತ್ರ ಹೇಳಿದೆ. ಬಲ ತೋಳಿಗೆ ಕಟ್ಟಿಕೊಂಡೆ. ಮೈ ಬೆಂದವನಿಗೂ ಒಂದು ಜಾಗ ಬಿಟ್ಟಿಟ್ಟ ಹಿರಿಯರ ಮೇಲೆ ಅಂದು ಹುಟ್ಟಿದ ಕೃತಜ್ಞತೆ ಅವರ ಗ್ರಂಥಗಳನ್ನು ಬಾಯಿಪಾಠ ಮಾಡಿದಾಗಲೂ ಹುಟ್ಟಿರಲಿಲ್ಲ.

ಐದು ವರ್ಷ ನುಂಗಬೇಕೆಂದು ಗುಳಿಗೆ ಬರೆದುಕೊಟ್ಟರು. ಔಷಧದ ಅಂಗಡಿಯವನು ಚೀಟಿ ನೋಡಿ, "ಅಮ್ಮಾರಿಗೇನ್ರಿ?" ಎಂದ. "ಹೌದು," ಎಂದೆ. ಮುಂದಿನ ತಿಂಗಳೂ ಹೌದು ಎಂದೆ. ಸುಳ್ಳು ಅಭ್ಯಾಸವಾಗುವುದು ಎಷ್ಟು ಸುಲಭವೆಂದು ಎಪ್ಪತ್ತು ದಾಟಿದ ಮೇಲೆ ಕಲಿತೆ.

ಗಂಡಸರಲ್ಲಿ ಒಬ್ಬನಿಗೆ ಮಾತ್ರ ತಾನಾಗಿ ತಿಳಿಯಿತು. ಕುರಿ ಕಾಯುವ ಬೀರಪ್ಪ, ನನ್ನ ಓರಗೆಯವನು. ಕಟ್ಟೆಯ ಮೇಲೆ ಕುಳಿತಾಗ ನನ್ನ ಎಡಗೈ ಏಳದಿರುವುದನ್ನು ಎರಡು ದಿನ ಸುಮ್ಮನೆ ನೋಡಿ, ಮೂರನೆಯ ದಿನ ಕೇಳಿದ.

"ಅಜ್ಜಾರ, ಕೊಯ್ಸಿಕೊಂಡವರು ಅಮ್ಮಾರೋ ನೀವೋ?"

ಸುಳ್ಳು ಹೇಳುವ ಶಕ್ತಿ ಅಂದು ಇರಲಿಲ್ಲ. "ನಾನ ಬೀರಪ್ಪಾ. ಹೆಂಗಸರ ಬ್ಯಾನಿ ನನಗ ಬಂತು."

ಅವನು ಬೀಡಿ ಆರಿಸಿದ. "ಟಗರಿಗೂ ಮೊಲಿ ಇರತಾವ್ರಿ, ಎರಡು. ನಲವತ್ತು ವರ್ಸ ಕುರಿ ಕಾದೀನಿ. ಯಾರೂ ನೋಡಂಗಿಲ್ಲ ಅಷ್ಟ. ಕೊಂಬು ನೋಡತಾರ."

ನಗು ಬಂತು. ಒಂಬತ್ತು ತಿಂಗಳಲ್ಲಿ ಮೊದಲ ಸಲ. ನಕ್ಕಾಗ ಹೊಲಿಗೆಯ ಜಾಗ ಎಳೆದು ನೋವಾಯಿತು. ಅದಕ್ಕೂ ನಗು ಬಂತು.

"ನನ್ನ ಮುಂದ ಅಂದ್ರಿ, ಊರ ಮುಂದ ಯಾವಾಗ ಅಂತೀರಿ?" ಎಂದ ಅವನು.

"ನೋಡೂಣು."

"ಹಿಂಗ ನೋಡೂಣು ನೋಡೂಣು ಅಂತ ಮಾಡಿ ನಮ್ಮಪ್ಪ ಮನಿ ಮಾಳಗಿ ಮೈಮ್ಯಾಲ ಕೆಡವಿಕೊಂಡ," ಎಂದು ಕೋಲು ಎತ್ತಿಕೊಂಡು ಹೋದ.

ಇಲ್ಲಿ ಓದುವವರು ಒಂದು ಮಾತನ್ನು ನಿರೀಕ್ಷಿಸಬಹುದು: ಶಾಸ್ತ್ರ ಓದಿದವನಾದ್ದರಿಂದ ದೇಹವೇ ನಾನಲ್ಲ ಎಂಬ ಅರಿವು ಆ ದಿನಗಳಲ್ಲಿ ನನ್ನನ್ನು ಕಾಯ್ದಿತೆಂದು. ಕಾಯಲಿಲ್ಲ. ನೂರಾರು ಮಂದಿಗೆ ಹೇಳಿದ ಆ ಮಾತನ್ನು ನನಗೆ ನಾನು ಹೇಳಿಕೊಂಡೆ. ಅದು ಬೇರೆಯವರ ಮನೆಯ ಬೀಗದ ಕೈಯಂತೆ ನನ್ನ ಬಾಗಿಲಿಗೆ ಹತ್ತಲಿಲ್ಲ. ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಮೈ ಗಟ್ಟಿಯಾಗಿದ್ದಾಗ ಅದನ್ನು ಹೇಳುವುದು ನನಗೆ ಬಹಳ ಸುಲಭವಾಗಿತ್ತು ಎಂದಷ್ಟೇ ಹೇಳುತ್ತಿದ್ದೇನೆ. ಈಗಲೂ ದಿನವೂ ಪೂಜೆಗೆ ಕೂರುತ್ತೇನೆ. ಅಂಗೈಯಲ್ಲಿ ಲಿಂಗವಿದೆ, ಕಣ್ಣು ಅದರಲ್ಲಿ ನಿಲ್ಲುತ್ತದೆ. ಪೂಜೆ ಮುಗಿದು ಕಣ್ಣು ಕೆಳಗಿಳಿದರೆ ಮತ್ತೆ ಅದೇ ಗೆರೆ, ಅದೇ ಅಸಹ್ಯ.

ಚಳಿಗಾಲದ ಕೊನೆಗೆ ಬೆನ್ನು ನೋಯತೊಡಗಿತು. ವೈದ್ಯೆ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಕುರ್ಚಿ ಹತ್ತಿರ ಬಂದಾಗಲೇ ತಿಳಿಯಿತು. ರೋಗ ಬೆನ್ನೆಲುಬಿಗೆ ಇಳಿದಿತ್ತು. ಇನ್ನು ಅದನ್ನು ಕಳೆಯುವ ಚಿಕಿತ್ಸೆಯಿಲ್ಲ, ನೋವು ತಡೆಯುವುದಷ್ಟೇ ಎಂದರು. ಎಷ್ಟು ದಿನ ಎಂದು ಮಗ ಕೇಳಿದ. ಅವರು ನೋವಿನ ಗುಳಿಗೆಗೆ ಚೀಟಿ ಬರೆಯತೊಡಗಿದರು.

ಮರಳುವ ದಾರಿಯಲ್ಲಿ ನನ್ನನ್ನು ಹಿಡಿದದ್ದು ಸಾವಿನ ಹೆದರಿಕೆಯಲ್ಲ. ಐವತ್ತು ವರ್ಷ ನಾನು ಊರವರ ಮಣ್ಣು ಮಾಡಿಸಿದವನು. ನಮ್ಮಲ್ಲಿ ಹೋದವರನ್ನು ಮೀಯಿಸಿ, ಎದೆಗೆ ತೋಳಿಗೆ ವಿಭೂತಿ ಹಚ್ಚಿ, ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಸಮಾಧಿ ಮಾಡುತ್ತಾರೆ. ಜಂಗಮನೆಂದರೆ ಊರೆಲ್ಲ ಬಂದು ನೋಡುತ್ತದೆ. ನನ್ನ ಶಲ್ಯವನ್ನು ಅಂದು ಯಾರೋ ತೆಗೆಯುತ್ತಾರೆ. ಗೆರೆ ಕಾಣುತ್ತದೆ. ಅಜ್ಜಾರ ಎದೆ ಇದು, ಹಾಗಾದರೆ ಅಮ್ಮಾರು ಏನು ಹೊತ್ತು ತಿರುಗಿದರು ಎಂದು ಲೆಕ್ಕ ಹಾಕುತ್ತಾರೆ. ನಾನು ಉತ್ತರ ಕೊಡಲು ಇರುವುದಿಲ್ಲ. ಗಂಡನ ಸುಳ್ಳಿನ ಜೊತೆ ಅವಳೊಬ್ಬಳೇ ಉಳಿಯುತ್ತಾಳೆ.

ಎರಡು ದಿನದ ಮೇಲೆ ಬಸವ್ವ ಮೊಮ್ಮಗಳ ದೀಕ್ಷೆಗೆ ದಿನ ಕೇಳಲು ಬಂದಳು. ಗೌರಮ್ಮ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಗೋಡೆ ಹಿಡಿದು ಹೊರಗೆ ಬಂದು, ಕುಳಿತು, ದಿನ ಹೇಳುವ ಮೊದಲು ಆ ಮಾತು ಹೇಳಿದೆ.

"ಬಸವ್ವಾ, ಬಸ್ಸಿನಾಗ ನಿನಗ ಸುಳ್ಳ ಹೇಳಿದ್ದೆ. ಬ್ಯಾನಿ ಬಂದದ್ದು ನನಗ. ಎದಿ ತೆಗದದ್ದು ನಂದು. ಇಕಿ ಮೈ ಸುದ್ದ ಐತಿ."

ಗೌರಮ್ಮನ ಮೊರದಲ್ಲಿ ಕಾಳು ನಿಂತವು. ಬಸವ್ವ ನನ್ನನ್ನು ನೋಡಲಿಲ್ಲ, ಅವಳನ್ನು ನೋಡಿದಳು.

"ಗೊತ್ತೈತ್ರಿ ಅಜ್ಜಾರ."

"ಯಾರು ಹೇಳಿದ್ರು? ಬೀರಪ್ಪನೇನು?"

"ಯಾರ ಹೇಳಬೇಕ್ರಿ? ಮೋಸಂಬಿ ತೊಗೊಂಡ ಬಂದ ದಿನ ಅಮ್ಮಾರು ನನಗ ಕುಂಕುಮ ಕೊಡಾಕ ಮ್ಯಾಲಿನ ಗೋಡಿ ಮಾಡಕ್ಕ ಕೈ ಎತ್ತಿದ್ರು. ಎರಡೂ ಕೈ. ಕೊಯ್ಸಿಕೊಂಡಾಕಿ ಹಂಗ ಎತ್ತತಾಳೇನ್ರಿ? ನಮ್ಮವ್ವ ಇದ ಬ್ಯಾನಿಲೇ ಹೋದಾಕಿ. ಅಕಿಗೆ ತಲಿ ಬಾಚಿದಾಕಿ ನಾನ."

"ಮತ್ತ ಯಾಕ ಸುಮ್ಮನಿದ್ದಿ?"

"ಅಮ್ಮಾರು ಮುಚ್ಚಾಕತ್ತಿದ್ರು. ಅವರು ಮುಚ್ಚಿದ್ದನ್ನ ತೆಗಿಯಾಕ ನಾ ಯಾರ್ರಿ? ಓಣ್ಯಾಗ ಎಲ್ಲಾ ಹೆಂಗಸರಿಗೂ ಗೊತ್ತೈತಿ. ಬಾಯಿ ಬಡಕಿ ಬಸವ್ವ ಅಂತ ನೀವ ಅಂತೀರಲ್ರಿ, ನೋಡ್ರಿ, ಈ ಬಾಯಾಗಿಂದ ಒಂದು ಮಾತು ಹೊರಗ ಬಂದಿಲ್ಲ." ಅಷ್ಟು ಹೇಳಿ ಸೆರಗಿನಿಂದ ಕಣ್ಣೊರಸಿಕೊಂಡಳು. "ದಿನಾ ಹೇಳ್ರೀ ಈಗ. ಸೋಮಾರ ಚೊಲೋ ಐತೇನು?"

ಎದೆ ಹಗುರಾಯಿತೆಂದು ಬರೆದರೆ ಅದು ಮತ್ತೊಂದು ಸುಳ್ಳಾದೀತು. ಒಂದು ವರ್ಷ ನಾನು ಮುಚ್ಚಿಟ್ಟದ್ದು ಯಾರಿಗೂ ಮುಚ್ಚಿರಲಿಲ್ಲ. ಊರ ಹೆಂಗಸರೆಲ್ಲ ಗೌರಮ್ಮನ ಮಾನ ಕಾಯಲೆಂದು ಬಾಯಿ ಕಟ್ಟಿಕೊಂಡಿದ್ದರು. ಅವಳು ನನ್ನ ಮಾನ ಕಾಯಲೆಂದು. ಅಷ್ಟು ಜನರ ಮೌನದ ಮೇಲೆ ಕುಳಿತು ನಾನು ಪಾದೋದಕ ಕೊಟ್ಟಿದ್ದೆ. ಸೋಮವಾರ ಒಳ್ಳೆಯದೆಂದು ಹೇಳಿದೆ.

ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋದಾಗ ತಂಬಿಗೆ ಎತ್ತಲಾಗಲಿಲ್ಲ. ಬೆನ್ನು ಬಗ್ಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಆ ಹಂಡೆಯ ಉಗಿಯಲ್ಲಿ ನಿಂತೆ. ಆಮೇಲೆ ಅಗಳಿ ತೆಗೆದು ಕರೆದೆ.

"ಗೌರಾ."

ಅವಳು ಬಾಗಿಲ ಹೊರಗೇ ನಿಂತಳು. "ನೀರು ಹೆಚ್ಚು ಕಾದಾವೇನ್ರಿ? ತಣ್ಣೀರು ಇಲ್ಲೇ ಇಡ್ಲೇನು?"

"ಒಳಗ ಬಾ."

ಬಂದಳು. ನಾನು ಶಲ್ಯ ತೆಗೆದು ಗೂಟಕ್ಕೆ ಹಾಕಿದೆ. ಬೆಳಕಿಂಡಿಯಿಂದ ಬಿಸಿಲು ಸೀದಾ ಮೈಮೇಲೆ ಬೀಳುತ್ತಿತ್ತು. ಕಣ್ಣು ಮುಚ್ಚಿಕೊಂಡೆ, ಅವಳ ಮುಖವನ್ನು ನೋಡುವ ಧೈರ್ಯವಿರಲಿಲ್ಲ.

"ಭಾಳ ಸಣ್ಣ ಆಗೀರಿ," ಎಂದಳು ಮೊದಲು. ಬಹಳ ಹೊತ್ತಾದ ಮೇಲೆ ಕೇಳಿದಳು: "ಇಲ್ಲಿ ನೋಯ್ತೈತೇನ್ರಿ?"

ಕಣ್ಣು ತೆರೆದೆ. ಅವಳ ಕೈ ಗೆರೆಯ ಮೇಲಿತ್ತು. ಯಾವಾಗ ಇಟ್ಟಳೋ ನನಗೆ ತಿಳಿದಿರಲಿಲ್ಲ.

"ಇಲ್ಲ. ಅಲ್ಲಿ ಸ್ಪರ್ಶ ಹೋಗೇತಿ. ನೀ ಕೈ ಇಟ್ಟಿದ್ದೂ ಗೊತ್ತಾಗವಲ್ದು."

ಅವಳು ಕೈ ತೆಗೆಯಲಿಲ್ಲ. ಅಂಗೈಯನ್ನು ಇನ್ನಷ್ಟು ಒತ್ತಿ, ಏನನ್ನೋ ಆಲಿಸುವವಳಂತೆ ತಲೆ ವಾಲಿಸಿದಳು.

"ಒಳಗ ಬಡಿಯಾಕತ್ತಿದ್ದು ನನಗ ಗೊತ್ತಾಗತೈತಿ," ಎಂದಳು. "ಅಗದಿ ಹತ್ತರ. ಕುಂಡ್ರಿ, ನೀರು ಆರತಾವ."